ಕಲ್ಲಿನ ತೊಲೆಯೂ ಕಲ್ಲಿನ ಕಮಾನೂ

ಗದಗಿನಿಂದ ಸುಮಾರು ೪೦ ಕಿಲೋಮೀಟರ್ ದೂರದಲ್ಲಿರುವ ಲಕ್ಷ್ಮೇಶ್ವರವು ಬಹು ಹಳೆಯ ಊರು. ಪುಲಿಗೆರೆ ಎಂಬ ಅದರ ಪ್ರಾಚೀನ ನಾಮವು ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ; ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡವೆಂದು ಆದಿಕವಿ ಪಂಪನೇ ಹೇಳಿಕೊಂಡಿರುವನು. ಈ ಊರಿನಲ್ಲಿ ಒಂದೇ ದಿನದಲ್ಲಿ ನಡೆದು ನೋಡಬಹುದಾದ ಎರಡು ಕಟ್ಟಡಗಳುಂಟು. ಒಂದು, ಚಾಲುಕ್ಯ ಶೈಲಿಯ ಸೋಮೇಶ್ವರ ದೇವಾಲಯ. ಇನ್ನೊಂದು, ಬಿಜಾಪುರದ ಆದಿಲಶಾಹಿ ದೊರೆಗಳ ಅಧಿಕಾರಿಯಾಗಿದ್ದ ಅಂಕುಶಖಾನನು ೧೬೧೭ರಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿ. ಎರಡೂ ಕಲ್ಲಿನವು, ಎರಡೂ ನುರಿತ ಕೈಗಳ ಕೆಲಸ. ಇತಿಹಾಸವನ್ನೂ ಧರ್ಮವನ್ನೂ ಕ್ಷಣಕಾಲ ಬದಿಗಿರಿಸಿ ಒಬ್ಬ ಗೌಂಡಿಯ ಕಣ್ಣಿನಿಂದ ಇವನ್ನು ನೋಡಿದರೆ ಒಂದು ವ್ಯತ್ಯಾಸವು ಎದ್ದು ಕಾಣುತ್ತದೆ. ದೇವಾಲಯದಲ್ಲಿ ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆಯನ್ನು ಅಡ್ಡಲಾಗಿ ಇಟ್ಟಿರುವರು. ಮಸೀದಿಯಲ್ಲಿ ಕಂಬದಿಂದ ಕಂಬಕ್ಕೆ ಕಲ್ಲುಗಳು ಬಾಗಿ ಹಾರಿವೆ.

ಕೆಲವು ವರ್ಷಗಳ ಹಿಂದೆ ನಾವು ಅಲ್ಲಿಗೆ ಹೋಗಿದ್ದಾಗ ಆ ಊರಿನ ಹೈಸ್ಕೂಲು ಹುಡುಗನೊಬ್ಬನು ಮಸೀದಿಯ ಕಮಾನಿನ ನಟ್ಟನಡುವಿನ ಕಲ್ಲನ್ನು ಬೆರಳಿಟ್ಟು ತೋರಿಸಿ, "ಅದರ ಬುಡಕ್ಕ ಏನೂ ಇಲ್ಲಲ್ರಿ ಸರ, ಅದ್ಯಾಕ ಬೀಳವಲ್ದರಿ?" ಎಂದು ಕೇಳಿದನು. ಈ ಪ್ರಶ್ನೆ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಅದಕ್ಕೆ ಸರಿಯಾದ ಉತ್ತರವನ್ನು ಕಂಡುಕೊಂಡ ಚೀನದ ಒಬ್ಬ ಶಿಲ್ಪಿಯು ೧೪೦೦ ವರ್ಷಗಳ ಹಿಂದೆ ಕಟ್ಟಿದ ಸೇತುವೆ ಇಂದಿಗೂ ನಿಂತಿದೆ. ಆ ಉತ್ತರವನ್ನು ಬಳಸದೆ ಕಟ್ಟಿದ ನಮ್ಮ ನಾಡಿನ ಸೇತುವೆಗಳಲ್ಲಿ ಕೆಲವು ನಿಂತಿವೆ, ಕೆಲವು ಹೊಳೆಯ ಪಾಲಾಗಿವೆ. ಈ ಲೇಖನದಲ್ಲಿ ಆ ಹುಡುಗನಿಗೆ ನಾವು ಅಂದು ಅರೆಬರೆಯಾಗಿ ಹೇಳಿದ್ದನ್ನು ಪೂರ್ಣವಾಗಿ ಹೇಳಲು ಯತ್ನಿಸುತ್ತೇವೆ.

ಮೊದಲು ತೊಲೆಯನ್ನು ನೋಡೋಣ. ನಮ್ಮ ಭಾಗದ ಮಾಳಿಗೆ ಮನೆಗಳಲ್ಲಿ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಮಣ್ಣು, ಹೀಗೆ ಕ್ರಮವಾಗಿ ಭಾರವು ಏರಿರುತ್ತದೆ. ಚಾಲುಕ್ಯರ ಕಾಲದ ಗುಡಿಗಳ ಒಳಗಿನ ವ್ಯವಸ್ಥೆಯೂ ಇದೇ. ಮರದ ಸ್ಥಾನದಲ್ಲಿ ಕಲ್ಲು ಬಂದಿದೆ, ಅಷ್ಟೆ. ಆದರೆ ಮರಕ್ಕೂ ಕಲ್ಲಿಗೂ ಸ್ವಭಾವದಲ್ಲಿ ದೊಡ್ಡ ಭೇದವುಂಟು. ಎರಡು ಆಸರೆಗಳ ಮೇಲೆ ಅಡ್ಡಲಾಗಿಟ್ಟ ಯಾವುದೇ ತೊಲೆಯು ಭಾರದಿಂದ ಕಣ್ಣಿಗೆ ಕಾಣದಷ್ಟಾದರೂ ಕೆಳಕ್ಕೆ ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಕುಗ್ಗುತ್ತದೆ, ಕೆಳಮೈ ಹಿಗ್ಗುತ್ತದೆ. ಎಂದರೆ ಮೇಲ್ಭಾಗದಲ್ಲಿ ಒತ್ತಡವೂ ಕೆಳಭಾಗದಲ್ಲಿ ಸೆಳೆತವೂ ಉಂಟಾಗುತ್ತವೆ. ಮರದ ನಾರುಗಳು ಸೆಳೆತವನ್ನು ಚೆನ್ನಾಗಿ ತಡೆಯಬಲ್ಲವು. ಕಲ್ಲಿಗೆ ನಾರುಗಳಿಲ್ಲ.

ಒಳ್ಳೆಯ ಗ್ರಾನೈಟ್ ಕಲ್ಲನ್ನು ಒತ್ತಿ ಪುಡಿಮಾಡಲು ಒಂದು ಚದರ ಸೆಂಟಿಮೀಟರಿಗೆ ಸುಮಾರು ೧೫೦೦ ಕಿಲೋಗ್ರಾಂ ಭಾರ ಬೇಕು. ಅದೇ ಕಲ್ಲನ್ನು ಎಳೆದು ಹರಿಯಲು ೧೦೦ ಕಿಲೋಗ್ರಾಂ ಆಸುಪಾಸಿನ ಸೆಳೆತ ಸಾಕು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರಂತೂ ಅದಕ್ಕಿಂತ ಬಹಳ ಕಡಿಮೆಯಲ್ಲೇ ಹರಿದೀತು. ಈ ಎರಡು ಸಂಖ್ಯೆಗಳ ಅರ್ಥವನ್ನು ಹೀಗೆ ತಿಳಿಯಬಹುದು. ಗ್ರಾನೈಟಿನ ನೇರವಾದ ಕಂಬವೊಂದನ್ನು ಪಕ್ಕಕ್ಕೆ ವಾಲದಂತೆ ಎತ್ತರಿಸುತ್ತ ಹೋದರೆ, ತನ್ನ ಸ್ವಂತ ಭಾರಕ್ಕೇ ಅದರ ಬುಡ ಪುಡಿಯಾಗಬೇಕಾದರೆ ಆ ಕಂಬವು ೫೦೦೦ ಮೀಟರ್ ಮೀರಿ ಬೆಳೆಯಬೇಕು! ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಚಾಚಿಕೊಂಡಿರುವ ಕಪ್ಪತಗುಡ್ಡವು ಅದರ ಮುಂದೆ ಒಂದು ದಿಬ್ಬ. ಆದರೆ ಅದೇ ಕಲ್ಲನ್ನು ೩೦ ಸೆಂಟಿಮೀಟರ್ ದಪ್ಪದ ತೊಲೆಯಾಗಿ ಸೀಳಿ ೧೨ ಮೀಟರ್ ಅಂತರದ ಎರಡು ಗೋಡೆಗಳ ಮೇಲೆ ಮಲಗಿಸಿದರೆ, ಮೇಲೆ ಒಂದು ಕಾಗೆಯೂ ಕೂರದಿರುವಾಗಲೇ ಅದು ಮುರಿಯುವ ಅಂಚಿಗೆ ಬಂದಿರುತ್ತದೆ. ನಿಲ್ಲಿಸಿದರೆ ಭೀಮ, ಮಲಗಿಸಿದರೆ ದುರ್ಬಲ. ಇದೇ ಕಲ್ಲಿನ ಗುಣ.

ಒಂದು ಆಸರೆಯಿಂದ ಇನ್ನೊಂದು ಆಸರೆಗಿರುವ ಅಂತರವನ್ನು ನಾವು 'ಹರವು' ಎಂದು ಕರೆಯೋಣ. ತೊಲೆಯ ದಪ್ಪವನ್ನು ಬದಲಿಸದೆ ಹರವನ್ನು ಇಮ್ಮಡಿ ಮಾಡಿದರೆ, ಸ್ವಂತ ಭಾರದಿಂದ ಕೆಳಮೈಯಲ್ಲುಂಟಾಗುವ ಸೆಳೆತವು ನಾಲ್ಮಡಿಯಾಗುತ್ತದೆ. ೩ ಮೀಟರ್ ಹರವಿನ, ೩೦ ಸೆಂಟಿಮೀಟರ್ ದಪ್ಪದ ತೊಲೆಯಲ್ಲಿ ಈ ಸೆಳೆತ ಚದರ ಸೆಂಟಿಮೀಟರಿಗೆ ೬ ಕಿಲೋಗ್ರಾಂ ಮಾತ್ರ. ಹರವು ೧೨ ಮೀಟರಾದಾಗ ಅದು ೧೬ ಪಟ್ಟಾಗಿ ೯೬ಕ್ಕೆ ಏರುತ್ತದೆ. ಹಾಗಾದರೆ ದಪ್ಪವನ್ನೂ ಹೆಚ್ಚಿಸಿದರಾಯಿತಲ್ಲ ಎಂದು ವಾಚಕರು ಹೇಳಬಹುದು. ದಪ್ಪವನ್ನೂ ಅಗಲವನ್ನೂ ನಾಲ್ಮಡಿ ಮಾಡಿದರೆ ಸೆಳೆತವು ೨೪ಕ್ಕೆ ಇಳಿಯುವುದು ನಿಜ. ಆದರೆ ತೊಲೆಯ ತೂಕವು ೬೪ ಪಟ್ಟಾಗಿರುತ್ತದೆ. ಅದನ್ನು ಗಣಿಯಿಂದ ಎಬ್ಬಿಸುವವರಾರು, ಎತ್ತಿ ಕೂರಿಸುವವರಾರು? ಗಾತ್ರ ಬೆಳೆದಂತೆಲ್ಲ ವಸ್ತುವು ತನ್ನ ಭಾರಕ್ಕೆ ತಾನೇ ಸೋಲುತ್ತದೆಂಬ ಈ ನಿಯಮವನ್ನು ಮೊಟ್ಟಮೊದಲು ಗಣಿತದ ಮೂಲಕ ವಿವರಿಸಿದವನು ಗೆಲಿಲಿಯೊ. ೧೬೩೮ರಲ್ಲಿ ಪ್ರಕಟವಾದ ಅವನ ಕೊನೆಯ ಗ್ರಂಥದಲ್ಲಿ ಅದು ಬಂದಿದೆ.

ನಮ್ಮ ಶಿಲ್ಪಿಗಳಿಗೆ ಈ ಗಣಿತ ಗೊತ್ತಿರಲಿಲ್ಲ. ಆದರೆ ಅದರ ಫಲ ಗೊತ್ತಿತ್ತು. ಬೋದಿಗೆಯನ್ನೇ ನೋಡಿರಿ. ಅದು ಕೇವಲ ಅಲಂಕಾರವೆಂದು ನಾವು ಬಹಳ ಕಾಲ ತಿಳಿದಿದ್ದೆವು. ೩ ಮೀಟರ್ ಅಂತರದ ಎರಡು ಕಂಬಗಳ ತಲೆಯ ಮೇಲೆ ಒಳಮುಖವಾಗಿ ಅರ್ಧರ್ಧ ಮೀಟರ್ ಚಾಚಿದ ಬೋದಿಗೆಗಳನ್ನು ಇಟ್ಟರೆ ತೊಲೆಯ ಪಾಲಿಗೆ ಉಳಿಯುವ ಹರವು ೨ ಮೀಟರ್ ಮಾತ್ರ. ಸೆಳೆತವು ಹರವಿನ ವರ್ಗದಂತೆ ಬದಲಾಗುವುದರಿಂದ ಅದು ಮೊದಲಿನ ಒಂಬತ್ತರಲ್ಲಿ ನಾಲ್ಕು ಭಾಗಕ್ಕೆ, ಎಂದರೆ ಅರ್ಧಕ್ಕೂ ಕೆಳಕ್ಕೆ ಇಳಿಯಿತು. ಒಂದು ತುಂಡು ಕಲ್ಲಿನಿಂದ ಇಷ್ಟು ಲಾಭ!

ಬೋದಿಗೆಯ ತತ್ತ್ವವನ್ನೇ ಮುಂದುವರಿಸಿದರೆ ಚಾಚುಗಲ್ಲಿನ ಚಾವಣಿ ದೊರೆಯುತ್ತದೆ. ನಾಲ್ಕು ಒಂದೇ ಅಳತೆಯ ಪುಸ್ತಕಗಳನ್ನು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದರಂತೆ ಪೇರಿಸಿ ಪರೀಕ್ಷಿಸಬಹುದು. ಎಲ್ಲಕ್ಕೂ ಮೇಲಿನದನ್ನು ಅದರ ಕೆಳಗಿನದಕ್ಕಿಂತ ಅರ್ಧದಷ್ಟು ಮುಂದೆ ಸರಿಸಿರಿ. ಎರಡನೆಯದನ್ನು ಕಾಲು ಭಾಗ, ಮೂರನೆಯದನ್ನು ಆರರಲ್ಲೊಂದು, ಕೊನೆಯದನ್ನು ಮೇಜಿನ ಅಂಚಿನಿಂದ ಎಂಟರಲ್ಲೊಂದು ಭಾಗ ಸರಿಸಿರಿ. ಇವನ್ನು ಕೂಡಿಸಿದರೆ ಒಂದಕ್ಕಿಂತ ಕೊಂಚ ಹೆಚ್ಚಾಗುತ್ತದೆ. ಮೇಲಿನ ಪುಸ್ತಕವು ಪೂರ್ತಿಯಾಗಿ ಮೇಜಿನ ಹೊರಗೆ ಗಾಳಿಯಲ್ಲಿರುತ್ತದೆ, ಆದರೂ ಬೀಳುವುದಿಲ್ಲ. (ಲೆಕ್ಕವು ಅಂಚಿನದು, ಕೈ ನಡುಗುವವರು ಕೂದಲೆಳೆಯಷ್ಟು ಕಡಿಮೆ ಸರಿಸುವುದು ಲೇಸು.) ಅತ್ತಿಮಬ್ಬೆಯು ೧೦೦೭ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಕಾಲದಿಂದ ಮುಂದಿನ ಎರಡು ಶತಮಾನಗಳಲ್ಲಿ ಗದಗ, ಲಕ್ಕುಂಡಿ, ಡಂಬಳಗಳ ಶಿಲ್ಪಿಗಳು ಗರ್ಭಗುಡಿಯ ಮೇಲಿನ ಶಿಖರವನ್ನು ಇದೇ ರೀತಿಯಲ್ಲಿ, ಒಂದೊಂದು ವರಸೆಯನ್ನೂ ಒಳಕ್ಕೆ ಚಾಚುತ್ತ ಮೇಲೆ ಮುಚ್ಚಿದರು. ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ ಹೊರಗೋಡೆ ೨೪ ಮೂಲೆಗಳ ನಕ್ಷತ್ರದಂತೆ ಮಡಿಕೆಮಡಿಕೆಯಾಗಿ ಏರಿರುವುದನ್ನು ನೋಡಲು ಪರದೇಶದವರೂ ಬರುವರು. ಅಷ್ಟು ಜಟಿಲವಾದ ನಕ್ಷೆಯನ್ನು ಕಲ್ಲಿನಲ್ಲಿ ತಪ್ಪಿಲ್ಲದೆ ಮೇಲಕ್ಕೆ ಒಯ್ದವರನ್ನು ರೇಖಾಗಣಿತ ಬಾರದವರೆಂದು ಯಾರು ಹೇಳಿಯಾರು?

ಆದರೆ ಚಾಚುಗಲ್ಲಿಗೆ ಒಂದು ಮಿತಿಯುಂಟು. ಹೆಚ್ಚು ಚಾಚಬೇಕಾದರೆ ಹಿಂದೆ ಹೆಚ್ಚು ಭಾರ ಹೇರಬೇಕು. ಗುಡಿಯ ಶಿಖರಕ್ಕೆ ಇದು ಅನುಕೂಲವೇ. ದಪ್ಪ ಗೋಡೆಯೂ ಎತ್ತರವೂ ಅಲ್ಲಿ ಬೇಕಾದವೇ. ಚಕ್ಕಡಿ ಹಾಯಬೇಕಾದ ಸೇತುವೆಗೆ ಅದು ಒಗ್ಗದು.

ಈಗ ಕಮಾನಿಗೆ ಬರೋಣ. ಎರಡು ಇಟ್ಟಿಗೆಗಳನ್ನು ಗೇಣಿನಷ್ಟು ದೂರವಿರಿಸಿ ಅವುಗಳ ಮೇಲೆ ಒಂದು ಅಂಚೆಕಾರ್ಡನ್ನು ಚಪ್ಪಟೆಯಾಗಿ ಇಡಿರಿ. ಒಂದೆರಡು ನಾಣ್ಯಗಳಿಗೇ ಅದು ಕುಸಿಯುವುದು. ಅದೇ ಕಾರ್ಡನ್ನು ಬಾಗಿಸಿ, ಅದರ ಎರಡು ತುದಿಗಳು ಇಟ್ಟಿಗೆಗಳ ಒಳಪಕ್ಕಗಳಿಗೆ ತಾಗಿ ನೆಲದ ಮೇಲೆ ಊರುವಂತೆ ನಿಲ್ಲಿಸಿರಿ. ಈಗ ಅದು ಮೊದಲಿನ ಹಲವು ಪಟ್ಟು ನಾಣ್ಯಗಳನ್ನು ಹೊರುತ್ತದೆ. ಹೊರುತ್ತಿರುವಾಗ ಒಂದು ಇಟ್ಟಿಗೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರೆ ತಟ್ಟನೆ ಎಲ್ಲವೂ ಕೆಳಕ್ಕೆ ಬೀಳುತ್ತದೆ. ಕಮಾನಿನ ಶಾಸ್ತ್ರವೆಲ್ಲವೂ ಈ ಆಟದಲ್ಲಿ ಅಡಗಿದೆ. ಬಾಗಿದ ಕಾರ್ಡು ಭಾರವನ್ನು ಬಾಗುವಿಕೆಯಿಂದಲ್ಲ, ಒತ್ತಡದಿಂದ ಹೊರುತ್ತದೆ. ಆ ಒತ್ತಡವನ್ನು ತುದಿಗಳಲ್ಲಿ ಕೆಳಕ್ಕೂ ಹೊರಕ್ಕೂ ತಳ್ಳುತ್ತದೆ. ಕೆಳಕ್ಕೆ ತಳ್ಳಿದುದನ್ನು ನೆಲವು ತಡೆಯುತ್ತದೆ. ಹೊರಕ್ಕೆ ತಳ್ಳಿದುದನ್ನು ತಡೆಯುವುದಕ್ಕೆ ಇಟ್ಟಿಗೆ ಬೇಕು.

ಕಲ್ಲಿನ ಕಮಾನಿನಲ್ಲಿ ಪ್ರತಿಯೊಂದು ಕಲ್ಲನ್ನೂ ಬೆಣೆಯಂತೆ, ಮೇಲೆ ಅಗಲವಾಗಿಯೂ ಕೆಳಗೆ ಕಿರಿದಾಗಿಯೂ ಕಡೆಯುತ್ತಾರೆ. ನಡುವಿನ ಕಲ್ಲು ಬೀಳಬೇಕಾದರೆ ಅಕ್ಕಪಕ್ಕದ ಎರಡು ಕಲ್ಲುಗಳನ್ನು ದೂರ ತಳ್ಳಿಕೊಂಡು ಬೀಳಬೇಕು. ಅವು ತಮ್ಮ ಪಕ್ಕದವನ್ನು ತಳ್ಳಬೇಕು. ಕಡೆಗೆ ದಡದ ಕಟ್ಟೆಯೇ ಹಿಂದಕ್ಕೆ ಸರಿಯಬೇಕು. ಕಟ್ಟೆ ಸರಿಯದಿದ್ದರೆ ಕಲ್ಲು ಬೀಳದು. ಲಕ್ಷ್ಮೇಶ್ವರದ ಹುಡುಗನ ಪ್ರಶ್ನೆಗೆ ಉತ್ತರವಿಷ್ಟೆ: ಆ ಕಲ್ಲು ಬೀಳುತ್ತಲೇ ಇದೆ, ಬೀಳಲು ಎಡೆ ಸಿಗದೆ ನಿಂತಿದೆ. ಎಲ್ಲ ಕಲ್ಲುಗಳೂ ಒತ್ತಡದಲ್ಲೇ ಇರುವುದರಿಂದ ಕಲ್ಲಿನ ದೌರ್ಬಲ್ಯವಾದ ಸೆಳೆತವು ಹುಟ್ಟುವುದೇ ಇಲ್ಲ. ಅದರ ಬಲವಷ್ಟೇ ಉಪಯೋಗಕ್ಕೆ ಬರುತ್ತದೆ. ಕಮಾನು ಎಂಬ ಶಬ್ದವು ಪಾರಸಿಯಿಂದ ಬಂದುದು, ಅದರ ಅರ್ಥ ಬಿಲ್ಲು. ವಸ್ತುವಿನ ಜೊತೆಯಲ್ಲೇ ಅದರ ಹೆಸರೂ ನಮ್ಮ ಗೌಂಡಿಗಳ ಬಾಯಿಗೆ ಬಂದಿರಬೇಕು.

ಇನ್ನು ಚೀನದ ಸೇತುವೆಯ ಕಥೆ. ಉತ್ತರ ಚೀನದ ಹೆಬೆಯ್ ಪ್ರಾಂತದ ಝಾವೊ ಎಂಬಲ್ಲಿ ಒಂದು ಸಣ್ಣ ನದಿಯ ಮೇಲೆ ಸುಯಿ ರಾಜವಂಶದ ಕಾಲದಲ್ಲಿ, ೫೯೫ರಿಂದ ೬೦೫ರ ಅವಧಿಯಲ್ಲಿ, ಲಿ ಚುನ್ ಎಂಬ ಶಿಲ್ಪಿಯು ಅದನ್ನು ಕಟ್ಟಿದನು. ನಮ್ಮಲ್ಲಿ ಬಾದಾಮಿಯ ಮೂರನೆಯ ಗುಹಾಲಯವು ೫೭೮ರದು. ಎಂದರೆ ಬಾದಾಮಿಯ ಶಿಲ್ಪಿಗಳೂ ಲಿ ಚುನನೂ ಹೆಚ್ಚುಕಡಿಮೆ ಒಂದೇ ಕಾಲದವರು. ಅವನ ಜೀವನದ ಬಗೆಗೆ ಬೇರೇನೂ ಉಳಿದಿಲ್ಲ. ಮುಂದಿನ ತಾಂಗ್ ರಾಜವಂಶದ ಕಾಲದ ಒಂದು ಶಾಸನವು ಇದು ಅವನ ಕೃತಿಯೆಂದು ಹೇಳದಿದ್ದರೆ ಹೆಸರೂ ಅಳಿದುಹೋಗುತ್ತಿತ್ತು. ಜನರು ಮಾತ್ರ ಬೇರೊಂದು ಕಥೆಯನ್ನು ಹೇಳುತ್ತಾರೆ. ಲು ಬಾನ್ ಎಂಬ ಪುರಾಣಪ್ರಸಿದ್ಧ ಬಡಗಿಯು ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟಿದನಂತೆ. ಅದರ ಬಲವನ್ನು ಪರೀಕ್ಷಿಸಲು ಒಬ್ಬ ಸಿದ್ಧಪುರುಷನು ಕತ್ತೆಯೇರಿ ಬಂದನಂತೆ. ನಮ್ಮ ನಾಡಿನಲ್ಲಿ ಎಲ್ಲಿ ಒಳ್ಳೆಯ ಗುಡಿ ಕಂಡರೂ ಜಕಣಾಚಾರಿ ಕಟ್ಟಿದ್ದೆನ್ನುವಂತೆಯೇ ಇದು. ನಿಜವಾದ ಕೆಲಸಗಾರನು ಮರೆಯಾಗಿ ಕಥೆಯ ಕೆಲಸಗಾರನು ಉಳಿಯುವುದು ಎಲ್ಲ ದೇಶಗಳಲ್ಲಿಯೂ ನಡೆದುಬಂದಿದೆ.

ಲಿ ಚುನನಿಗೆ ಎದುರಾದ ತೊಡಕನ್ನು ಗಮನಿಸಬೇಕು. ರೋಮನರು ಅವನಿಗಿಂತ ನೂರಾರು ವರ್ಷ ಮೊದಲೇ ಕಮಾನಿನ ಸೇತುವೆಗಳನ್ನು ಕಟ್ಟಿದ್ದರು. ಆದರೆ ಅವರ ಕಮಾನುಗಳು ಸಾಮಾನ್ಯವಾಗಿ ಅರ್ಧವೃತ್ತಗಳು. ಅರ್ಧವೃತ್ತದಲ್ಲಿ ಎತ್ತರವು ಹರವಿನ ಅರ್ಧ. ಝಾವೊ ಸೇತುವೆಯ ಹರವು ೩೭.೩೭ ಮೀಟರ್. ಅದನ್ನು ಅರ್ಧವೃತ್ತವಾಗಿ ಕಟ್ಟಿದ್ದರೆ ನಡುವೆ ಅದು ೧೮ ಮೀಟರಿಗೂ ಮೇಲೇರಿ, ಬಯಲು ನಾಡಿನಲ್ಲಿ ಒಂದು ಗುಡ್ಡದಂತೆ ನಿಲ್ಲುತ್ತಿತ್ತು. ಭಾರದ ಬಂಡಿಗಳು ಅದನ್ನೇರುವುದೂ ಇಳಿಯುವುದೂ ಅಸಾಧ್ಯವಾಗುತ್ತಿತ್ತು. ನದಿಯ ನಡುವೆ ಕಂಬಗಳನ್ನು ನಿಲ್ಲಿಸಿ ಹಲವು ಸಣ್ಣ ಕಮಾನುಗಳನ್ನು ಕಟ್ಟಬಹುದಿತ್ತು; ಆಗ ಪ್ರವಾಹಕ್ಕೂ ದೋಣಿಗಳಿಗೂ ಅಡ್ಡಿ. ಲಿ ಚುನನು ಪೂರ್ಣ ಅರ್ಧವೃತ್ತವನ್ನು ಬಿಟ್ಟು, ಬಹು ದೊಡ್ಡ ವೃತ್ತವೊಂದರ ತುಂಡನ್ನು ಮಾತ್ರ ತೆಗೆದುಕೊಂಡನು. ಕಮಾನಿನ ಎತ್ತರ ೭.೨೩ ಮೀಟರ್, ಹರವಿನ ಐದರಲ್ಲೊಂದು ಭಾಗಕ್ಕೂ ಕೊಂಚ ಕಡಿಮೆ.

ಈ ವೃತ್ತದ ತ್ರಿಜ್ಯವನ್ನು ಹೈಸ್ಕೂಲಿನ ರೇಖಾಗಣಿತದಿಂದಲೇ ಕಂಡುಹಿಡಿಯಬಹುದು. ಹರವಿನ ಅರ್ಧದ ವರ್ಗವನ್ನು ಎತ್ತರದಿಂದ ಭಾಗಿಸಿ, ಅದಕ್ಕೆ ಎತ್ತರವನ್ನು ಕೂಡಿಸಿದರೆ ವ್ಯಾಸವು ದೊರೆಯುತ್ತದೆ. ಲೆಕ್ಕ ಮಾಡಿದರೆ ತ್ರಿಜ್ಯವು ಸುಮಾರು ೨೭.೮ ಮೀಟರ್ ಎಂದಾಗುವುದು. ಕಮಾನು ಆ ವೃತ್ತದ ಕೇಂದ್ರದಲ್ಲಿ ಮಾಡುವ ಕೋನವು ಸುಮಾರು ೮೫ ಅಂಶಗಳು. ಎಂದರೆ ಇದು ವೃತ್ತದ ಕಾಲು ಭಾಗಕ್ಕಿಂತಲೂ ಕಡಿಮೆ.

ಆದರೆ ಚಪ್ಪಟೆಯಾದ ಕಮಾನಿಗೆ ಬೆಲೆ ತೆರಬೇಕು. ಭಾರವು ಉದ್ದಕ್ಕೂ ಸಮವಾಗಿ ಹರಡಿದೆಯೆಂದು ಇಟ್ಟುಕೊಂಡರೆ, ಒಟ್ಟು ಭಾರವನ್ನು ಹರವಿನಿಂದ ಗುಣಿಸಿ ಎತ್ತರದ ಎಂಟರಷ್ಟರಿಂದ ಭಾಗಿಸಿದಾಗ ಹೊರತಳ್ಳುವ ಬಲವು ಬರುತ್ತದೆ. ಎತ್ತರವು ಹರವಿನ ಅರ್ಧವಿದ್ದಾಗ ಇದು ಭಾರದ ನಾಲ್ಕರಲ್ಲೊಂದು ಭಾಗ. ಝಾವೊ ಸೇತುವೆಯಲ್ಲಿ ಭಾರದ ನೂರಕ್ಕೆ ೬೫ ಭಾಗ. ಎರಡೂವರೆ ಪಟ್ಟಿಗೂ ಹೆಚ್ಚಿನ ಈ ಬಲವನ್ನು ದಡದ ಕಟ್ಟೆಗಳು ಹಗಲಿರುಳು ತಡೆಯಬೇಕು. ಆದ್ದರಿಂದ ಭಾರವನ್ನೇ ಕಡಿಮೆ ಮಾಡಬೇಕಾಯಿತು. ಕಮಾನಿನ ಬೆನ್ನಿಗೂ ಮೇಲಿನ ದಾರಿಗೂ ನಡುವೆ ಎರಡೂ ತುದಿಗಳಲ್ಲಿ ಮುಕ್ಕೋನದಂತಹ ಎಡೆಯೊಂದು ಉಳಿಯುತ್ತದಷ್ಟೆ. ಇದನ್ನು ಕಮಾನಿನ ಭುಜವೆನ್ನಬಹುದು. ಇತರರು ಅದನ್ನು ಕಲ್ಲುಮಣ್ಣುಗಳಿಂದ ತುಂಬುತ್ತಿದ್ದರು. ಲಿ ಚುನನು ಒಂದೊಂದು ಭುಜದಲ್ಲಿಯೂ ಎರಡೆರಡು ಸಣ್ಣ ಕಮಾನುಗಳನ್ನು ತೆರೆದನು. ಇದರಿಂದ ಸುಮಾರು ೭೦೦ ಟನ್ನುಗಳಷ್ಟು ಭಾರ ಇಳಿಯಿತೆಂದು ಎಂಜಿನಿಯರರು ಅಂದಾಜು ಮಾಡಿರುವರು. ಹೊಳೆಯು ಉಕ್ಕಿ ಬಂದಾಗ ಈ ನಾಲ್ಕು ಕಿಂಡಿಗಳ ಮೂಲಕವೂ ನೀರು ಹಾಯುವುದರಿಂದ ಸೇತುವೆಯ ಮೈಮೇಲಿನ ನೂಕು ಕಡಿಮೆಯಾಗುತ್ತದೆ. ಒಂದು ಉಪಾಯದಿಂದ ಎರಡು ಕಷ್ಟಗಳು ಪರಿಹಾರವಾದವು. ಯೂರೋಪಿನಲ್ಲಿ ಇಂತಹ ರಚನೆಯು ೧೪ನೆಯ ಶತಮಾನದವರೆಗೆ ಕಾಣಬರುವುದಿಲ್ಲ.

ಕಮಾನು ಅಖಂಡವಾದ ಒಂದು ಹಾಸಲ್ಲ. ಸುಣ್ಣಕಲ್ಲಿನ ೨೮ ತೆಳುವಾದ ಕಮಾನುಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ ೯ ಮೀಟರ್ ಅಗಲದ ಸೇತುವೆಯನ್ನು ಮಾಡಿದ್ದಾರೆ. ಕಮಾನು ಪೂರ್ಣವಾಗುವವರೆಗೆ ಕಲ್ಲುಗಳನ್ನು ಹೊರಲು ಕೆಳಗೆ ಮರದ ಆಸರೆ ಬೇಕಷ್ಟೆ. ಒಂದು ಸಾಲು ಮುಗಿದ ಮೇಲೆ ಅದೇ ಆಸರೆಯನ್ನು ಪಕ್ಕಕ್ಕೆ ಜರುಗಿಸಿ ಮುಂದಿನ ಸಾಲನ್ನು ಕಟ್ಟಬಹುದು, ಮರದ ವೆಚ್ಚ ಬಹಳ ಉಳಿಯುತ್ತದೆ. ದೋಷವೂ ಇಲ್ಲದಿಲ್ಲ. ಸಾಲುಗಳು ಒಂದಕ್ಕೊಂದು ಹೆಣೆದುಕೊಂಡಿಲ್ಲವಾದ್ದರಿಂದ ಅಂಚಿನವು ಹೊರಕ್ಕೆ ವಾಲಬಹುದು. ಅದನ್ನು ತಡೆಯಲು ಕಲ್ಲಿನಿಂದ ಕಲ್ಲಿಗೆ ಕಬ್ಬಿಣದ ಕಟ್ಟುಗಳನ್ನು ಕೂರಿಸಿದರು. ಆದರೂ ಶತಮಾನಗಳ ತರುವಾಯ ಅಂಚಿನ ಕೆಲವು ಸಾಲುಗಳು ಬಿದ್ದವು. ಉಳಿದವು ನಿಂತೇ ಇದ್ದುದರಿಂದ ಬಿದ್ದ ಸಾಲುಗಳನ್ನು ಮತ್ತೆ ಕಟ್ಟುವುದು ಸಾಧ್ಯವಾಯಿತು. ಅಖಂಡ ಕಮಾನಾಗಿದ್ದರೆ ಏನಾಗುತ್ತಿತ್ತೋ ಹೇಳಬರುವುದಿಲ್ಲ. ೧೯೩೩ರಲ್ಲಿ ಚೀನದ ವಾಸ್ತುಶಾಸ್ತ್ರಜ್ಞ ಲಿಯಾಂಗ್ ಸಚೆಂಗನು ಅಲ್ಲಿಗೆ ಹೋಗಿ ಅಳೆದು ನಕ್ಷೆ ಮಾಡಿದ ಮೇಲೆ ಜಗತ್ತಿನ ವಿದ್ವಾಂಸರ ಗಮನ ಅತ್ತ ಹರಿಯಿತು. ೧೯೫೦ರ ದಶಕದಲ್ಲಿ ಅದರ ಜೀರ್ಣೋದ್ಧಾರವಾಯಿತು. ೧೯೬೬ರಲ್ಲಿ ಸಮೀಪದ ಶಿಂಗ್‌ತಾಯ್ ಪ್ರದೇಶವನ್ನು ಭಾರಿ ಭೂಕಂಪವು ನಡುಗಿಸಿದಾಗಲೂ ಸೇತುವೆ ಉಳಿಯಿತು. ೧೯೯೧ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರರ ಸಂಘವು ಅದನ್ನು ಅಂತರರಾಷ್ಟ್ರೀಯ ಸ್ಮಾರಕವೆಂದು ಸಾರಿತು.

ನಮ್ಮ ನಾಡಿನ ಹಳೆಯ ಕಲ್ಲುಸೇತುವೆಗಳು ಹೇಗಿವೆ? ಶಿರಹಟ್ಟಿ, ಮುಂಡರಗಿಗಳ ದಕ್ಷಿಣಕ್ಕೆ ಹರಿಯುವ ತುಂಗಭದ್ರೆಯು ಹೊಸಪೇಟೆಯ ಅಣೆಕಟ್ಟನ್ನು ದಾಟಿ ಹಂಪೆಗೆ ಬರುತ್ತದೆ. ಅಲ್ಲಿ ವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ ಹೊಳೆಯ ನಡುವೆ ಒರಟು ಕಲ್ಲುಕಂಬಗಳ ಸಾಲುಗಳು ನಿಂತಿರುವುದನ್ನು ಯಾತ್ರಿಕರು ನೋಡಿರಬಹುದು. ಇದು ವಿಜಯನಗರ ಕಾಲದ ಸೇತುವೆಯ ಅವಶೇಷ. ಕಂಬಗಳುಂಟು, ಮೇಲಿನ ಹಾಸಿಲ್ಲ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ೧೮೦೪ರ ಹೊತ್ತಿಗೆ ಮುಗಿದ ವೆಲ್ಲೆಸ್ಲಿ ಸೇತುವೆಯೂ ಕಮಾನಿನದಲ್ಲ. ಕಲ್ಲುಕಂಬ, ಅದರ ಮೇಲೆ ಎರಡೂ ಕಡೆಗೆ ಚಾಚಿದ ಕಲ್ಲು, ಅದರ ಮೇಲೆ ಕಲ್ಲಿನ ತೊಲೆ. ಗುಡಿಯ ಮಂಟಪವನ್ನೇ ಕಾವೇರಿಯ ಮೇಲೆ ಉದ್ದಕ್ಕೆ ಎಳೆದಂತಿದೆ. ಇಷ್ಟು ಪ್ರವಾಹಗಳನ್ನು ಸಹಿಸಿ ಎರಡು ಶತಮಾನ ಬಾಳಿದ ಅದನ್ನು ಹಗುರವಾಗಿ ಕಾಣುವಂತಿಲ್ಲ. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಶಿವನಸಮುದ್ರದಲ್ಲಿ ರಾಮಸ್ವಾಮಿ ಮುದಲಿಯಾರರು ಕಟ್ಟಿಸಿದ ಸೇತುವೆಗಳೂ ಇದೇ ಜಾತಿಯವು. ೨೦೧೮ರ ಕಾವೇರಿಯ ಪ್ರವಾಹದಲ್ಲಿ ಅಲ್ಲಿನ ಹಳೆಯ ಸೇತುವೆಯೊಂದರ ಭಾಗವು ಕೊಚ್ಚಿಹೋಯಿತು.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕಲ್ಲಿನ ತೊಲೆಯ ಹರವು ಚಿಕ್ಕದು. ಆದ್ದರಿಂದ ಕಂಬಗಳು ಒತ್ತೊತ್ತಾಗಿರಲೇಬೇಕು. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಪ್ರತಿ ೩ ಮೀಟರ್ ತೆರವಿಗೆ ೧ ಮೀಟರ್ ದಪ್ಪದ ಕಂಬವಿದ್ದರೆ ಹೊಳೆಯ ಕಾಲು ಭಾಗ ಮುಚ್ಚಿದಂತಾಯಿತು. ಅಷ್ಟೇ ನೀರು ಉಳಿದ ಮುಕ್ಕಾಲು ಭಾಗದಲ್ಲಿ ಹಾಯಬೇಕಾದರೆ ಅದರ ವೇಗವು ಮೂರರಲ್ಲಿ ನಾಲ್ಕು ಪಟ್ಟಾಗಬೇಕು. ನೀರಿನ ನೂಕು ವೇಗದ ವರ್ಗದಂತೆ ಏರುವುದರಿಂದ ಅದು ಸುಮಾರು ೧.೮ ಪಟ್ಟಾಗುತ್ತದೆ. ಆ ನೀರು ಕಂಬದ ಬುಡದ ಮರಳನ್ನು ಕೊರೆಯುತ್ತದೆ. ಮೇಲಿನಿಂದ ತೇಲಿಬಂದ ಮರಗಳು ಕಂಬಗಳ ನಡುವೆ ಸಿಕ್ಕಿಕೊಂಡು ಸೇತುವೆಯನ್ನೇ ಒಡ್ಡನ್ನಾಗಿ ಮಾಡುತ್ತವೆ. ತೊಲೆಯ ಸೇತುವೆ ಸಾಮಾನ್ಯವಾಗಿ ಸೋಲುವುದು ಮೇಲಿನ ಭಾರಕ್ಕಲ್ಲ, ಬದಿಯ ನೀರಿಗೆ.

ಹಾಗಾದರೆ ನಮ್ಮ ಶಿಲ್ಪಿಗಳು ಕಮಾನನ್ನೇಕೆ ಕಟ್ಟಲಿಲ್ಲ? ಅವರಿಗೆ ಗೊತ್ತಿರಲಿಲ್ಲವೆಂದು ಕೆಲವರು ಬರೆದುಬಿಟ್ಟಿದ್ದಾರೆ. ನಾವು ಇದನ್ನು ಒಪ್ಪಲಾರೆವು. ಉತ್ತರ ಭಾರತದ ಭಿತರಗಾಂವ್‌ನಲ್ಲಿ ಗುಪ್ತರ ಕಾಲದ ಇಟ್ಟಿಗೆಯ ದೇವಾಲಯದೊಳಗೆ ನಿಜವಾದ ಕಮಾನುಗಳಿವೆ. ಭಾರತದಲ್ಲಿ ಈ ವಿದ್ಯೆ ಹೊಸದೇನಲ್ಲ. ೧೪ನೆಯ ಶತಮಾನದಲ್ಲಿ ಬಹಮನಿ ದೊರೆಗಳು ಬಂದ ಮೇಲಂತೂ ಕನ್ನಡ ನಾಡಿನವರ ಕಣ್ಣೆದುರಿಗೇ ಕಮಾನುಗಳೆದ್ದವು. ಕಲಬುರ್ಗಿಯ ಕೋಟೆಯ ಜಾಮಿ ಮಸೀದಿ ೧೩೬೭ರದು. ವಿಜಯನಗರದ ಅರಸರು ತಮ್ಮ ಕಮಲಮಹಲಿನಲ್ಲಿಯೂ ಆನೆಲಾಯದಲ್ಲಿಯೂ ಕಮಾನನ್ನು ಸೊಗಸಾಗಿ ಬಳಸಿ, ಗುಡಿಗಳಲ್ಲಿ ಮಾತ್ರ ಬಳಸದೆ ಬಿಟ್ಟರು. ಇದು ಅರಿಯದವರ ಲಕ್ಷಣವಲ್ಲ, ಆಯ್ದುಕೊಂಡವರ ಲಕ್ಷಣ. ಕಮಾನಿಗೆ ಎಂದೂ ವಿಶ್ರಾಂತಿಯಿಲ್ಲವೆಂಬ ಅರ್ಥದ ಮಾತು ಹಿಂದೂ ಶಿಲ್ಪಿಗಳಲ್ಲಿತ್ತೆಂದು ೧೯ನೆಯ ಶತಮಾನದ ಜೇಮ್ಸ್ ಫರ್ಗ್ಯೂಸನನು ಬರೆದಿಟ್ಟಿರುವನು. ಅದರಲ್ಲಿ ಸತ್ಯವುಂಟು. ತೊಲೆಯು ಕಂಬವನ್ನು ಕೆಳಕ್ಕೆ ಮಾತ್ರ ಒತ್ತುತ್ತದೆ. ಕಮಾನು ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ.

ಇದಕ್ಕೆ ನಮ್ಮ ಸೀಮೆಯ ನೆಲವೂ ಒಂದು ಕಾರಣವಾಗಿದ್ದೀತೆಂದು ನಮಗೆ ತೋರುತ್ತದೆ. ಇದನ್ನು ನಮ್ಮ ಊಹೆಯೆಂದೇ ವಾಚಕರು ತಿಳಿಯಬೇಕು. ಗದಗ ಸೀಮೆಯ ಬಹುಭಾಗ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ಅಡಿಪಾಯವನ್ನು ಹಾಕಿದರೆ ಗೋಡೆಯು ವರ್ಷಕ್ಕೊಮ್ಮೆ ಉಸಿರಾಡಿದಂತೆ ಅಲುಗುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಕಂಬ-ತೊಲೆಗಳ ಮಂಟಪವು ಒಂದು ಕಂಬ ಬೆರಳಷ್ಟು ಕುಸಿದರೂ ಸೈರಿಸಿಕೊಳ್ಳುತ್ತದೆ. ಪ್ರತಿಯೊಂದು ತೊಲೆಯೂ ತನ್ನ ಎರಡು ತುದಿಗಳ ಮೇಲೆ ಸ್ವತಂತ್ರವಾಗಿ ಕುಳಿತಿರುತ್ತದೆ. ಕಮಾನಿನ ಕಟ್ಟೆ ಬೆರಳಷ್ಟು ಹಿಂದೆ ಸರಿದರೆ ಅಷ್ಟು ಸುಲಭವಾಗಿ ಕ್ಷಮೆ ದೊರೆಯುವುದಿಲ್ಲ. ಗುಡಿಯನ್ನು ಕಟ್ಟುವವರ ಆಯ್ಕೆ ಈ ದೃಷ್ಟಿಯಿಂದ ವಿವೇಕದ್ದೇ ಆಗಿತ್ತು. ಸೇತುವೆಯ ವಿಷಯದಲ್ಲಿ ಮಾತ್ರ ಅದೇ ರೂಢಿಯನ್ನು ಮುಂದುವರಿಸಿದ್ದರಿಂದ ನಷ್ಟವಾಯಿತೆನ್ನದೆ ಗತ್ಯಂತರವಿಲ್ಲ. ಹಂಪೆಯ ಬಂಡೆಗಳಂತಹ ಗಟ್ಟಿ ದಡಗಳು ಕಮಾನಿಗೆ ಬೇರೆಲ್ಲಿ ದೊರೆತಾವು?

ಲಕ್ಷ್ಮೇಶ್ವರದ ಮಸೀದಿ ಕಟ್ಟಿದ ಕಾಲಕ್ಕೆ ಬಿಜಾಪುರದ ಶಿಲ್ಪಿಗಳು ಕಮಾನಿನಲ್ಲಿ ಪಾರಂಗತರಾಗಿದ್ದರು. ಅವರ ಕಮಾನು ತುದಿಯಲ್ಲಿ ಚೂಪು. ಚೂಪಾದುದರಿಂದ ಎತ್ತರ ಹೆಚ್ಚು. ಎತ್ತರ ಹೆಚ್ಚಿದಷ್ಟೂ ಹೊರತಳ್ಳುವಿಕೆ ಕಡಿಮೆಯೆಂಬುದನ್ನು ಮೇಲೆ ಕಂಡೆವು. ಸುಣ್ಣದ ಗಾರೆಯು ಕಲ್ಲುಗಳ ನಡುವಿನ ಎಡೆಯನ್ನು ತುಂಬಿ ಒತ್ತಡವನ್ನು ಸಮವಾಗಿ ಹಂಚುತ್ತದೆ. ಮುಂದೆ ನಾಲ್ಕು ದಶಕಗಳೊಳಗೆ, ೧೬೫೬ರ ಹೊತ್ತಿಗೆ, ಇದೇ ಪರಂಪರೆಯವರು ಹೊರವ್ಯಾಸದಲ್ಲಿ ೪೪ ಮೀಟರ್ ಇರುವ ಗೋಳಗುಮ್ಮಟವನ್ನು ಎಬ್ಬಿಸಿದರು. ಅಲ್ಲಿ ಒಂದನ್ನೊಂದು ಛೇದಿಸುವ ಕಮಾನುಗಳು ಚೌಕ ಗೋಡೆಗಳ ಮೇಲೆ ವೃತ್ತಾಕಾರದ ಗುಮ್ಮಟವನ್ನು ಹೊತ್ತಿವೆ. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗಿಗೆ ಬಂದಾಗ ಕಮಾನು ಮಸೀದಿಯಿಂದ ಹಳ್ಳಕ್ಕಿಳಿಯಿತು. ಆ ಕಾಲದ ರೈಲುದಾರಿಗಳಲ್ಲಿ ಸಣ್ಣ ಹಳ್ಳಗಳ ಮೇಲೆ ಕಲ್ಲಿನ ಅಥವಾ ಇಟ್ಟಿಗೆಯ ಕಮಾನಿನ ಮೋರಿಗಳನ್ನು ಕಟ್ಟುವುದು ಸಾಮಾನ್ಯವಾಗಿತ್ತು.

ಕಮಾನಿಗೆ ಸರಿಯಾದ ಆಕಾರ ಯಾವುದೆಂಬುದನ್ನು ಕಂಡುಹಿಡಿಯಲು ಇಂಗ್ಲೆಂಡಿನ ರಾಬರ್ಟ್ ಹುಕ್‌ನು ೧೬೭೫ರಲ್ಲಿ ಒಂದು ಸರಳ ಮಾರ್ಗವನ್ನು ಸೂಚಿಸಿದನು. ಒಂದು ಸರಪಳಿಯನ್ನು ಎರಡು ಮೊಳೆಗಳಿಂದ ತೂಗುಬಿಟ್ಟರೆ ಅದು ಕೇವಲ ಸೆಳೆತದಲ್ಲಿರುತ್ತದೆ. ಆ ಆಕೃತಿಯನ್ನು ತಲೆಕೆಳಗು ಮಾಡಿದರೆ, ಕೇವಲ ಒತ್ತಡದಲ್ಲಿರುವ ಕಮಾನು ದೊರೆಯುತ್ತದೆ. ಈ ತಲೆಕೆಳಗಾದ ಸರಪಳಿಯ ರೇಖೆಯು ಕಮಾನಿನ ಕಲ್ಲುಗಳ ದಪ್ಪದೊಳಗೆ ಎಲ್ಲಿಯೂ ಹೊರಬೀಳದೆ ಅಡಗಿದ್ದರೆ ಕಮಾನು ನಿಲ್ಲುತ್ತದೆ. ರೇಖೆಯು ಅಂಚನ್ನು ಮುಟ್ಟಿದ ಕಡೆ, ಎದುರು ಮೈಯಲ್ಲಿ ಬಿರುಕು ತೆರೆಯುತ್ತದೆ. ಇದರಿಂದ ಬಿರುಕುಗಳನ್ನು ಓದುವುದಕ್ಕೆ ಬರುತ್ತದೆ. ದಡದ ಕಟ್ಟೆಗಳು ಕೊಂಚ ದೂರ ಸರಿದಾಗ ಕಮಾನಿನ ನಡುವೆ ಕೆಳಗಡೆಯಿಂದ ಒಂದು ಬಿರುಕೂ, ಎರಡು ಬುಡಗಳಲ್ಲಿ ಮೇಲುಗಡೆಯಿಂದ ಒಂದೊಂದು ಬಿರುಕೂ ತೆರೆಯುತ್ತವೆ. ನೋಡಲು ಭಯವಾದರೂ ಈ ಮೂರರಿಂದ ಕಮಾನು ಬೀಳುವುದಿಲ್ಲ; ಮೂರು ತಿರುಗಣಿಗಳ ಮೇಲೆ ಅದು ಹೊಸ ಸ್ಥಿತಿಗೆ ಹೊಂದಿಕೊಂಡು ನಿಲ್ಲುತ್ತದೆ. ಯೂರೋಪಿನ ಎಷ್ಟೋ ಹಳೆಯ ಕಮಾನುಗಳು ಹೀಗೆಯೇ ಶತಮಾನಗಳಿಂದ ನಿಂತಿವೆ. ಅಪಾಯವಿರುವುದು ನಾಲ್ಕನೆಯ ಬಿರುಕಿನಲ್ಲಿ. ನಾಲ್ಕು ತಿರುಗಣಿಗಳಾದರೆ ಕಮಾನು ಕಟ್ಟಡವಾಗಿ ಉಳಿಯದೆ ಯಂತ್ರವಾಗಿ ಮಡಿಚಿಕೊಳ್ಳುತ್ತದೆ. ಒಂದು ಬದಿಗೆ ಮಾತ್ರ ಅತಿಭಾರ ಬಿದ್ದಾಗ, ಚಕ್ಕಡಿಗಾಗಿ ಕಟ್ಟಿದ ಹಳೆಯ ಮೋರಿಯ ಮೇಲೆ ಉಸುಕು ತುಂಬಿದ ಲಾರಿಯೊಂದು ಹತ್ತಿ ಕಾಲು ಭಾಗದಲ್ಲಿ ನಿಂತಾಗ, ಹುಟ್ಟುವುದು ಈ ನಾಲ್ಕನೆಯದೇ.

ನಿಮ್ಮ ಊರಿನ ಹಳ್ಳದ ಮೇಲೆ ಹಳೆಯ ಕಲ್ಲಿನ ಕಮಾನಿನ ಮೋರಿಯೊಂದಿದ್ದರೆ ಬೇಸಿಗೆಯಲ್ಲಿ ನೀರಿಲ್ಲದಾಗ ಪಕ್ಕದಲ್ಲಿ ನಿಂತು ನೋಡಿರಿ. ಹರವನ್ನೂ ಎತ್ತರವನ್ನೂ ಅಳೆದು ತ್ರಿಜ್ಯವನ್ನು ಲೆಕ್ಕ ಹಾಕಿರಿ. ಬಿರುಕುಗಳಿದ್ದರೆ ಅವು ಒಳಮೈಯಲ್ಲಿವೆಯೋ ಹೊರಮೈಯಲ್ಲಿವೆಯೋ ಗುರುತಿಸಿ, ತಾರೀಖಿನೊಡನೆ ಚಿತ್ರ ಬರೆದಿಡಿರಿ. ಮುಂದಿನ ಬೇಸಿಗೆಯಲ್ಲಿ ಮತ್ತೊಮ್ಮೆ ಹೋಲಿಸಿರಿ. ಎಣಿಕೆಯಲ್ಲಿ ಒಂದು ಹೆಚ್ಚಿದ್ದರೆ ಆ ಚಿತ್ರವನ್ನು ಪಂಚಾಯತಿಯವರಿಗೆ ಕೊಡುವ ತನಕ ಮೋರಿಯ ಕೆಳಗೆ ನಿಲ್ಲಬೇಡಿರಿ.